ಹುಟ್ಟಿದ ವರ್ಷವೇ ತೀರ್ಮಾನಿಸುವ ಪದಕ: 19ರೊಳಗಿನ ಮಹಿಳಾ ಬಾಸ್ಕೆಟ್‌ಬಾಲ್ ವಿಶ್ವಕಪ್‌ನ ನಾಲ್ಕು ದಶಕ

ಆಸ್ಟ್ರೇಲಿಯಾದ ಲಾರೆನ್ ಜಾಕ್ಸನ್ 1997ರಲ್ಲಿ ಬ್ರೆಜಿಲ್‌ನ ನಟಾಲ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ (19ರೊಳಗಿನವರ ಇಂದಿನ ವಿಶ್ವಕಪ್) ಆಡಿದಾಗ ಅವರಿಗೆ 16 ವರ್ಷ. ಫೈನಲ್‌ನಲ್ಲಿ ಅಮೆರಿಕದ ಎದುರು ಸೋತು ಬೆಳ್ಳಿಗೆ ತೃಪ್ತಿಪಟ್ಟರು. ಮುಂದಿನ ಕೂಟ 2001ಕ್ಕೆ ಇತ್ತು. ಅಷ್ಟರಲ್ಲಿ ಅವರಿಗೆ 20 ತುಂಬಿ, ವಯಸ್ಸಿನ ಮಿತಿ ದಾಟಿಹೋಗಿತ್ತು. ಅಮೆರಿಕದ ಬ್ರಿಯಾನಾ ಸ್ಟೀವರ್ಟ್ ಕೂಡ 16ರಲ್ಲೇ, 2011ರಲ್ಲಿ ಚಿಲಿಯ ಪೋರ್ತೊ ಮೋಂಟ್‌ನಲ್ಲಿ ಇದೇ ಕೂಟ ಆಡಿದರು. ಎರಡು ವರ್ಷ ಬಿಟ್ಟು 2013ರಲ್ಲಿ ಲಿಥುವೇನಿಯಾಕ್ಕೆ ಮತ್ತೆ ಬಂದು, ಎರಡನೇ ಚಿನ್ನದ ಜೊತೆಗೆ ಕೂಟದ ಶ್ರೇಷ್ಠ ಆಟಗಾರ್ತಿಯ ಗೌರವವನ್ನೂ ಹೊತ್ತು ಹೋದರು. ಇಬ್ಬರೂ ಅಪರೂಪದ ಆಟಗಾರ್ತಿಯರೇ. ಒಬ್ಬರಿಗೆ ಒಂದೇ ಅವಕಾಶ, ಇನ್ನೊಬ್ಬರಿಗೆ ಎರಡು ಸಿಕ್ಕಿದ್ದು ಕ್ಯಾಲೆಂಡರ್ ಬದಲಾದದ್ದರಿಂದ.

ಈ ಕೂಟದ ಚರಿತ್ರೆಯನ್ನು ಗೆದ್ದವರ ಪಟ್ಟಿಯಾಗಿ ಓದಿದರೆ ಅರ್ಧವಷ್ಟೇ ತಿಳಿಯುತ್ತದೆ. ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕಾಲ ಒಂದು, ಎರಡು ವರ್ಷಕ್ಕೊಮ್ಮೆ ನಡೆಯತೊಡಗಿದ ಕಾಲ ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲ ಕೂಟ 1985ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆಯಿತು. ಚಿನ್ನ ಸೋವಿಯತ್ ಒಕ್ಕೂಟಕ್ಕೆ, ಬೆಳ್ಳಿ ದಕ್ಷಿಣ ಕೊರಿಯಾಕ್ಕೆ. ಆತಿಥೇಯ ಅಮೆರಿಕಕ್ಕೆ ಸಿಕ್ಕಿದ್ದು ಐದನೇ ಸ್ಥಾನ. 1989ರಲ್ಲಿ ಸ್ಪೇನ್‌ನ ಬಿಲ್ಬಾವೊದಲ್ಲಿ ಮತ್ತೆ ಸೋವಿಯತ್ ತಂಡವೇ ಗೆದ್ದಿತು, 1993ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆಸ್ಟ್ರೇಲಿಯಾ. ಈ ಎರಡರಲ್ಲೂ ಅಮೆರಿಕ ಏಳನೆಯದು. 1997ರಲ್ಲಿ ಅಮೆರಿಕಕ್ಕೆ ಮೊದಲ ಚಿನ್ನ ಬಂತು. ಆದರೆ 2001ರಲ್ಲಿ ಬ್ರನೊದಲ್ಲಿ ಚೆಕ್ ಗಣರಾಜ್ಯ ತನ್ನ ತವರಿನಲ್ಲೇ ರಷ್ಯಾವನ್ನು ಸೋಲಿಸಿ ಗೆದ್ದಾಗ, ಡಯಾನಾ ಟೊರಾಸಿ ಇದ್ದ ಅಮೆರಿಕ ತಂಡ ಕಂಚಿಗೆ ನಿಂತಿತು. ಅಂದರೆ ಮೊದಲ ಐದು ಕೂಟಗಳಲ್ಲಿ ಅಮೆರಿಕ ಗೆದ್ದದ್ದು ಒಂದನ್ನು ಮಾತ್ರ. 2005ರಿಂದ 2025ರವರೆಗಿನ ಹನ್ನೊಂದರಲ್ಲಿ ಗೆದ್ದದ್ದು ಹತ್ತನ್ನು.

ಇಷ್ಟು ದೊಡ್ಡ ತಿರುವಿಗೆ ಒಂದೇ ಕಾರಣ ಹುಡುಕುವುದು ವ್ಯರ್ಥ. ಎಲ್ಲರೂ ಮೊದಲು ಬೆರಳು ತೋರುವುದು ಚೆಂಡಿನ ಕಡೆಗೆ. ಅಮೆರಿಕದ ಕಾಲೇಜು ಹುಡುಗಿಯರು 1984-85ರಿಂದಲೇ ಚಿಕ್ಕ ಚೆಂಡಿನಲ್ಲಿ ಆಡುತ್ತಿದ್ದರು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ಮಾತ್ರ ಮಹಿಳೆಯರ ಕೈಗೂ ಗಂಡಸರ 7ನೇ ಸೈಜಿನ ಚೆಂಡನ್ನೇ ಕೊಡುತ್ತಿತ್ತು. ಅದರ ಸುತ್ತಳತೆ 749ರಿಂದ 780 ಮಿಲಿಮೀಟರ್, ತೂಕ 567ರಿಂದ 650 ಗ್ರಾಂ. 6ನೇ ಸೈಜಿನ ಚೆಂಡು 724ರಿಂದ 737 ಮಿಲಿಮೀಟರ್, 510ರಿಂದ 567 ಗ್ರಾಂ. ಕಾಗದದ ಮೇಲೆ ಇದು ಪುಟ್ಟ ವ್ಯತ್ಯಾಸ. ಅಂಗಳದಲ್ಲಿ ಹಾಗಲ್ಲ. ಚಿಕ್ಕ ಚೆಂಡಿಗೆ ಪಳಗಿದ ಬೆರಳುಗಳಿಗೆ ದೊಡ್ಡ ಚೆಂಡು ಒಂದೇ ಕೈಯಲ್ಲಿ ಹಿಡಿತಕ್ಕೆ ಬರುವುದಿಲ್ಲ, ಓಡುತ್ತ ಕೊಡುವ ಪಾಸ್ ಗುರಿ ತಪ್ಪುತ್ತದೆ, ದೂರದ ಎಸೆತ ರಿಮ್ಮಿನ ಮುಂಭಾಗಕ್ಕೆ ಬಡಿದು ವಾಪಸ್ ಬರುತ್ತದೆ. ಎರಡು-ಮೂರು ವಾರದ ಶಿಬಿರದಲ್ಲಿ ಇದನ್ನು ತಿದ್ದಿಕೊಳ್ಳುವುದು ಕಷ್ಟ. 2004ರ ಹೊತ್ತಿಗೆ ಫಿಬಾ ಮಹಿಳೆಯರಿಗೆ 6ನೇ ಸೈಜನ್ನು ಒಪ್ಪಿತು. ಮರುವರ್ಷವೇ ಟ್ಯುನಿಸ್‌ನಲ್ಲಿ ಅಮೆರಿಕ ಚಿನ್ನ ಗೆದ್ದಿತು.

ಕೇಳಲು ಅಚ್ಚುಕಟ್ಟಾದ ವಾದ. ಆದರೆ 1997ರಲ್ಲಿ ಅಮೆರಿಕ ಗೆದ್ದದ್ದು ದೊಡ್ಡ ಚೆಂಡಿನಲ್ಲೇ ಎಂಬುದನ್ನು ಇದು ಮರೆಯುತ್ತದೆ. ನಿಯಮದ ಬದಲಾವಣೆಯೇ ಸೋಲು-ಗೆಲುವಿನ ಮೂಲವಾಗಿದ್ದರೆ 2000ದ ನಂತರ ಅಮೆರಿಕ ಇನ್ನಷ್ಟು ಸೋಲಬೇಕಿತ್ತು. ಆ ವರ್ಷ ಫಿಬಾ ಶಾಟ್ ಕ್ಲಾಕನ್ನು, ಅಂದರೆ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ ಗಡುವನ್ನು, 30 ಸೆಕೆಂಡಿನಿಂದ 24ಕ್ಕೆ ಇಳಿಸಿತು, ಇಪ್ಪತ್ತು ನಿಮಿಷದ ಎರಡು ಅವಧಿಗಳ ಬದಲು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ತಂದಿತು, ಚೆಂಡನ್ನು ಅರ್ಧ ಅಂಗಳ ದಾಟಿಸಲು ಇದ್ದ 10 ಸೆಕೆಂಡನ್ನು 8 ಮಾಡಿತು. ಅಮೆರಿಕದ ಮಹಿಳಾ ಕಾಲೇಜು ಆಟ 30 ಸೆಕೆಂಡಿನಲ್ಲೇ ಉಳಿಯಿತು. ನಾಲ್ಕು ಕ್ವಾರ್ಟರ್‌ಗಳಿಗೆ ಬಂದದ್ದು 2015-16ರಲ್ಲಿ. ಅಲ್ಲಿಂದ ಬಂದ ಹುಡುಗಿಗೆ ಆರು ಸೆಕೆಂಡು ಕಡಿಮೆ. ನಿಧಾನವಾಗಿ ಕಟ್ಟಿದ ದಾಳಿ ಅರ್ಧಕ್ಕೇ ನಿಂತು, ಕೊನೆಯ ಗಳಿಗೆಯಲ್ಲಿ ಯಾರೋ ಒತ್ತಡದಲ್ಲಿ ಎಸೆಯಬೇಕಾಗುತ್ತದೆ. ಇಷ್ಟಾದರೂ 2005ರಿಂದ ಅಮೆರಿಕ ಗೆಲ್ಲುತ್ತಲೇ ಹೋಯಿತು.

ಹೆಚ್ಚು ತೂಕದ ಕಾರಣ ಕ್ಯಾಲೆಂಡರಿನಲ್ಲಿದೆ. ಹತ್ತೊಂಬತ್ತರೊಳಗಿನವರು ಎಂದರೆ, ಕೂಟ ನಡೆಯುವ ವರ್ಷದಲ್ಲಿ 19 ಮುಟ್ಟುವವರು ಮತ್ತು ಅವರಿಗಿಂತ ಕಿರಿಯರು. 2001ರ ಕೂಟಕ್ಕೆ 1982ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು. ನಾಲ್ಕು ವರ್ಷಕ್ಕೊಮ್ಮೆ ಕೂಟವಾದರೆ, ಪ್ರತಿ ನಾಲ್ಕು ಹುಟ್ಟುವರ್ಷಗಳಲ್ಲಿ ಒಂದಕ್ಕೆ ಮಾತ್ರ 19ರ ಪೂರ್ಣ ಬಲದಲ್ಲಿ ಆಡುವ ಅದೃಷ್ಟ. 1985ರಲ್ಲಿ ಹುಟ್ಟಿದವರಿಗೆ 2001ರಲ್ಲಿ 16, 2005ರಲ್ಲಿ 20. ಹದಿನಾರಕ್ಕೇ ತಂಡಕ್ಕೆ ಬರುವಷ್ಟು ಪ್ರತಿಭೆ ಇಲ್ಲದಿದ್ದರೆ ಆ ಹುಡುಗಿಯರ ಪಾಲಿಗೆ ಈ ಕೂಟವೇ ಇಲ್ಲ. ಇಂಥ ಕ್ರಮದಲ್ಲಿ ಚಿಕ್ಕ ದೇಶಕ್ಕೊಂದು ಅನುಕೂಲವಿತ್ತು. ಸರಿಯಾದ ವರ್ಷದಲ್ಲಿ ಹುಟ್ಟಿದ ಏಳೆಂಟು ಒಳ್ಳೆಯ ಹುಡುಗಿಯರನ್ನು ಹಿಡಿದು, ವರ್ಷಗಟ್ಟಲೆ ಒಟ್ಟಿಗೆ ಆಡಿಸಿ, ಒಂದು ಕೂಟಕ್ಕೆಂದೇ ಸಜ್ಜು ಮಾಡಬಹುದಿತ್ತು. ಚೆಕ್ ತಂಡವನ್ನು ನೋಡಿ: 2001ರಲ್ಲಿ ಕಿರಿಯರ ವಿಶ್ವ ಕಿರೀಟ, 2005ರಲ್ಲಿ ಹಿರಿಯರ ಯೂರೋಬಾಸ್ಕೆಟ್ (ಯುರೋಪಿನ ರಾಷ್ಟ್ರ ತಂಡಗಳ ಕೂಟ) ಪ್ರಶಸ್ತಿ, 2010ರಲ್ಲಿ ಹಿರಿಯರ ವಿಶ್ವ ಬೆಳ್ಳಿ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ಕ್ರೀಡಾ ಸಂಸ್ಥೆಯಂತೂ ಹದಿಹರೆಯದವರ ತನ್ನ ತಂಡವನ್ನು ಹಿರಿಯ ವೃತ್ತಿಪರರ ರಾಷ್ಟ್ರೀಯ ಲೀಗಿಗೇ ಇಳಿಸಿತ್ತು. ಜಾಕ್ಸನ್, ಪೆನ್ನಿ ಟೇಲರ್ ಇದ್ದ ಆ ತಂಡ 1998-99ರಲ್ಲಿ ಲೀಗನ್ನೇ ಗೆದ್ದಿತು. ಬೇಸಿಗೆಯಲ್ಲಿ ಆಯ್ಕೆ ನಡೆಸಿ ತರಾತುರಿಯಲ್ಲಿ ಕಟ್ಟಿದ ಅಮೆರಿಕ ತಂಡ ಇಂಥವರ ಮುಂದೆ ಎಡವಿದ್ದರಲ್ಲಿ ಆಶ್ಚರ್ಯವೇನಿಲ್ಲ.

2005ರ ನಂತರದ ಕೂಟ 2009ಕ್ಕೆ ಬರಬೇಕಿತ್ತು. ಅದು 2007ಕ್ಕೇ ಬಂತು, ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ. ಇದರ ಮೊದಲ ಲಾಭ ಸ್ವೀಡನ್‌ಗೆ. ಅವಳಿ ಸೋದರಿಯರಾದ ಫ್ರೀಡಾ ಮತ್ತು ಎಲಿನ್ ಎಲ್ಡೆಬ್ರಿಂಕ್ ಹುಟ್ಟಿದ್ದು 1988ರಲ್ಲಿ. ಹಳೆಯ ಲೆಕ್ಕದಲ್ಲಿ 2005ಕ್ಕೆ ಅವರಿಗೆ 17, 2009ಕ್ಕೆ 21. ಹೊಸ ಲೆಕ್ಕದಲ್ಲಿ 2007ಕ್ಕೆ ಸರಿಯಾಗಿ 19. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಅಷ್ಟೇನೂ ಹೆಸರಿಲ್ಲದ ದೇಶ ಫೈನಲ್‌ವರೆಗೆ ಬಂದು ಬೆಳ್ಳಿ ಗೆದ್ದಿತು.

ಎರಡು ವರ್ಷದ ಕ್ರಮದಲ್ಲೂ ಲಾಟರಿ ಪೂರ್ತಿ ಹೋಗಲಿಲ್ಲ. ಕೂಟ ಬರುವುದು ಬೆಸ ವರ್ಷಗಳಲ್ಲಿ. ಆದ್ದರಿಂದ 19ನೇ ವಯಸ್ಸಿನಲ್ಲಿ ಆಡುವ ಭಾಗ್ಯ ಸಮ ವರ್ಷಗಳಲ್ಲಿ ಹುಟ್ಟಿದವರಿಗೆ ಮಾತ್ರ. ಬೆಸ ವರ್ಷದವರು ಹೆಚ್ಚೆಂದರೆ 18ರಲ್ಲಿ ಆಡಬಹುದು. ಶ್ರೇಷ್ಠ ಆಟಗಾರ್ತಿಯರ ಪಟ್ಟಿಯಲ್ಲೇ ಇದು ಕಾಣುತ್ತದೆ. 2011ರ ಬ್ರೆಜಿಲ್‌ನ ಡಾಮಿರಿಸ್ ಡಾಂಟಾಸ್ ಹುಟ್ಟಿದ್ದು 1992ರಲ್ಲಿ, 2013ರ ಸ್ಟೀವರ್ಟ್ 1994ರಲ್ಲಿ, 2015ರ ಏಜಾ ವಿಲ್ಸನ್ 1996ರಲ್ಲಿ, 2017ರ ರಷ್ಯಾದ ಮರಿಯಾ ವಾದೇಯೆವಾ 1998ರಲ್ಲಿ, 2021ರ ಕೇಟ್ಲಿನ್ ಕ್ಲಾರ್ಕ್ 2002ರಲ್ಲಿ. ಈ ಸಾಲನ್ನು ಮುರಿದವರು 2019ರ ಪೇಜ್ ಬೆಕರ್ಸ್, ಹುಟ್ಟಿದ್ದು 2001ರ ಅಕ್ಟೋಬರ್‌ನಲ್ಲಿ. ಕ್ಲಾರ್ಕ್ ಹುಟ್ಟಿದ್ದು 2002ರ ಜನವರಿ 22ರಂದು. 22 ದಿನ ಮೊದಲೇ ಹುಟ್ಟಿದ್ದರೆ 2021ರ ಹಂಗೆರಿಯ ಡೆಬ್ರೆಸೆನ್ ಕೂಟಕ್ಕೆ ಅವರು ಅನರ್ಹರು.

ಬೆಸ ವರ್ಷದವರಿಗೆ 2010ರಿಂದ ಬೇರೊಂದು ಬಾಗಿಲು ತೆರೆಯಿತು: ಫ್ರಾನ್ಸ್‌ನಲ್ಲಿ ಆರಂಭವಾದ 17ರೊಳಗಿನವರ ವಿಶ್ವ ಕೂಟ. ಅದು ಸಮ ವರ್ಷಗಳಲ್ಲಿ ನಡೆಯುತ್ತದೆ. ಒಂದು ಪೀಳಿಗೆಗೆ ಇಲ್ಲಿ ಮೇಲುಗೈ, ಮುಂದಿನದಕ್ಕೆ ಅಲ್ಲಿ. ಆಸ್ಟ್ರೇಲಿಯಾ 2016ರಲ್ಲಿ ಸರಗೋಸಾದಲ್ಲಿ ಆ ಕೂಟವನ್ನು ಗೆದ್ದಿತು. ಈ ಕಿರಿಯರ ಸರಣಿಯಿಂದ ಹೆಚ್ಚು ಗಳಿಸಿದ್ದು ಅಮೆರಿಕವೇ. 2009ರಲ್ಲಿ ಅಮೆರಿಕ ಖಂಡಗಳ 16ರೊಳಗಿನವರ ಕೂಟ ಶುರುವಾದ ಮೇಲೆ ಅಲ್ಲಿನ ಹುಡುಗಿಯರು ಫಿಬಾ ನಿಯಮ, 24 ಸೆಕೆಂಡು, ಫಿಬಾ ರೆಫರಿಗಳ ಸೀಟಿ ಎಲ್ಲವನ್ನೂ ಹದಿನೈದಕ್ಕೇ ಕಲಿಯತೊಡಗಿದರು. ತರಾತುರಿಯ ತಂಡ ಎಂಬ ಹಳೆಯ ದೌರ್ಬಲ್ಯ ಅಲ್ಲಿಗೆ ಮುಗಿಯಿತು. 2013ರ ಫೈನಲ್‌ನಲ್ಲಿ ಫ್ರಾನ್ಸ್ 40 ನಿಮಿಷ ಆಡಿ ಗಳಿಸಿದ್ದು 28 ಅಂಕ, ಅಮೆರಿಕದ್ದು 61.

ಕೂಟದ ಈಗಿನ ಸ್ವರೂಪವೂ ದೊಡ್ಡ ದೇಶದ ಕಡೆಗೇ ವಾಲುತ್ತದೆ. ಹದಿನಾರು ತಂಡ, ನಾಲ್ಕರ ನಾಲ್ಕು ಗುಂಪು. ಗುಂಪಿನ ಮೂರು ಪಂದ್ಯ ಮುಗಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ. ಹದಿನಾರೂ ತಂಡಗಳು ಪ್ರೀ ಕ್ವಾರ್ಟರ್‌ಗೆ ಬರುತ್ತವೆ, ಆದರೆ ಗುಂಪಿನಲ್ಲಿ ಕೊನೆಗೆ ನಿಂತವರಿಗೆ ಎದುರಾಗುವುದು ಇನ್ನೊಂದು ಗುಂಪಿನ ಅಗ್ರ ತಂಡ. ಅಲ್ಲಿಂದ ಮುಂದೆ ಸೋತವರಿಗೂ ಸ್ಥಾನ ನಿರ್ಣಯದ ಪಂದ್ಯಗಳಿವೆ. ಒಟ್ಟು ಒಂಬತ್ತು ದಿನದಲ್ಲಿ ಏಳು ಪಂದ್ಯ. ಲೆಕ್ಕ ಹಾಕಿ: ಪಂದ್ಯಕ್ಕೆ 40 ನಿಮಿಷ, ಅಂಗಳದಲ್ಲಿ ಐವರು, ಏಳು ಪಂದ್ಯಕ್ಕೆ 1,400 ಆಟಗಾರ್ತಿ-ನಿಮಿಷ. ಹನ್ನೆರಡು ಮಂದಿಗೆ ಸಮನಾಗಿ ಹಂಚಿದರೆ ತಲೆಗೆ ಸುಮಾರು 117 ನಿಮಿಷ. ಬೆಂಚಿನ ಮೇಲೆ ನಂಬಿಕೆಯಿಲ್ಲದೆ ಏಳು ಮಂದಿಯನ್ನೇ ಆಡಿಸುವ ಕೋಚ್‌ಗೆ ಅದು ತಲೆಗೆ 200. ಸೆಮಿಫೈನಲ್ ಹೊತ್ತಿಗೆ ಕಾಲು ಸೋತಿರುತ್ತದೆ. ಜಿಗಿತ ತಗ್ಗುತ್ತದೆ, ರಿಮ್ಮಿಗೆ ಬಡಿದು ಮರಳಿದ ಚೆಂಡು (ರಿಬೌಂಡ್) ಕೈತಪ್ಪುತ್ತದೆ, ಎದುರಾಳಿಗಿಂತ ಅರ್ಧ ಹೆಜ್ಜೆ ತಡವಾಗಿ ತಲುಪಿ ಕೈ ಹಾಕಿದ್ದು ಫೌಲ್ ಆಗುತ್ತದೆ. ಐದನೇ ಫೌಲಿಗೆ ಆಟಗಾರ್ತಿ ಹೊರಗೆ.

ಹಾಗಿದ್ದೂ ಒಮ್ಮೆ, 2017ರಲ್ಲಿ, ಅಮೆರಿಕ ಸೋತಿತು. 2015ರಲ್ಲಿ ಫೈನಲ್ ರಷ್ಯಾದಲ್ಲೇ ನಡೆದು ಆತಿಥೇಯರು 70-78ರಿಂದ ಸೋತಿದ್ದರು. ಆ ತಂಡದಲ್ಲಿದ್ದ ವಾದೇಯೆವಾ ಎರಡು ವರ್ಷದ ಬಳಿಕ, 19ರಲ್ಲಿ, ಇಟಲಿಯ ಊದಿನೆಗೆ ಬಂದರು. 86-82, ಚಿನ್ನ ರಷ್ಯಾಕ್ಕೆ. ‘ವಿಶ್ವ ಚಾಂಪಿಯನ್‌ಶಿಪ್’ ಎಂಬ ಹೆಸರು ‘ವಿಶ್ವಕಪ್’ ಆದದ್ದೂ ಅದೇ ವರ್ಷ. ಕೂಟ ಪದೇ ಪದೇ ಬಂದರೆ ಲಾಭ ಅಮೆರಿಕಕ್ಕೊಂದೇ ಅಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2022ರ ಮಾರ್ಚ್‌ನಲ್ಲಿ ಫಿಬಾ ರಷ್ಯಾದ ತಂಡಗಳನ್ನು ಹೊರಗಿಟ್ಟಿತು. ಈಚಿನ ಫೈನಲ್‌ಗಳಲ್ಲಿ ಎದುರು ನಿಲ್ಲುತ್ತಿರುವವರು ಆಸ್ಟ್ರೇಲಿಯಾ ಮತ್ತು ಸ್ಪೇನ್. 2019ರ ಬ್ಯಾಂಕಾಕ್ ಫೈನಲ್ ಹೆಚ್ಚುವರಿ ಅವಧಿಗೆ ಹೋಗಿ 74-70ರಲ್ಲಿ ಮುಗಿಯಿತು. 2023ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಸೋತದ್ದು 66-69ರಿಂದ, ಬರೀ ಒಂದು ಮೂರಂಕದ ಎಸೆತದ ಅಂತರ.

ಬ್ಯಾಂಕಾಕ್‌ನ ಆ ಆಸ್ಟ್ರೇಲಿಯಾ ತಂಡ ಅಲ್ಲಿಗೆ ಹೋದ ದಾರಿ ಬೆಂಗಳೂರಿನ ಮೂಲಕ. 2018ರ ಅಕ್ಟೋಬರ್ ಕೊನೆಯಲ್ಲಿ ಏಷ್ಯಾದ 18ರೊಳಗಿನವರ ಕೂಟ ಇಲ್ಲಿ ನಡೆದಾಗ ಚೀನಾ ಮೊದಲು, ಜಪಾನ್ ಎರಡನೆಯದು, ಆಸ್ಟ್ರೇಲಿಯಾ ಮೂರನೆಯದು. ಒಂಬತ್ತು ತಿಂಗಳಲ್ಲಿ ಏಷ್ಯಾದ ಈ ಕಂಚಿನ ತಂಡ ಅಮೆರಿಕವನ್ನು ಹೆಚ್ಚುವರಿ ಅವಧಿಗೆ ಎಳೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ಕೂಟ ಮತ್ತೆ ಬೆಂಗಳೂರಿಗೆ ಬಂತು, ಆಗ ಗೆದ್ದದ್ದು ಆಸ್ಟ್ರೇಲಿಯಾ. ಕಂಠೀರವ ಒಳಾಂಗಣದಲ್ಲಿ ಕೂತು ಆ ಪಂದ್ಯಗಳನ್ನು ನೋಡಿದವರು, ಗೊತ್ತಿದ್ದೋ ಇಲ್ಲದೆಯೋ, ವಿಶ್ವಕಪ್‌ನ ಅರ್ಹತಾ ಸುತ್ತನ್ನು ನೋಡಿದ್ದಾರೆ.

ಸೀಟಿನ ಲೆಕ್ಕ ಹೀಗಿದೆ. ಆತಿಥೇಯ ದೇಶ ಬಿಟ್ಟರೆ ಯುರೋಪಿಗೆ ಐದು, ಅಮೆರಿಕ ಖಂಡಗಳಿಗೆ ನಾಲ್ಕು, ಆಫ್ರಿಕಾಕ್ಕೆ ಎರಡು, ಏಷ್ಯಾ ಮತ್ತು ಓಷಿಯಾನಿಯಾ ಎರಡಕ್ಕೂ ಸೇರಿ ನಾಲ್ಕು. 2017ರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಏಷ್ಯಾದಲ್ಲೇ ಆಡುತ್ತಿವೆ. 2023ರ ಮ್ಯಾಡ್ರಿಡ್‌ಗೆ ಹೋದ ನಾಲ್ವರು ಆಸ್ಟ್ರೇಲಿಯಾ, ಚೀನಾ, ಜಪಾನ್, ಚೈನೀಸ್ ತೈಪೆ. ಭಾರತಕ್ಕೆ ಆ ನಾಲ್ಕರಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ದಾರಿ ಮುಚ್ಚಿದೆ ಎಂದಲ್ಲ. ಏಷ್ಯಾ ಕೂಟದ ಮೇಲಿನ ಹಂತವಾದ ಎ ವಿಭಾಗದಲ್ಲಿ ಎಂಟು ತಂಡ, ನಾಲ್ಕರ ಎರಡು ಗುಂಪು. ಗುಂಪಿನ ಅಗ್ರಸ್ಥಾನದವರು ನೇರ ಸೆಮಿಫೈನಲ್‌ಗೆ. ಒಂದು ಗುಂಪಿನ ಎರಡನೆಯವರು ಇನ್ನೊಂದು ಗುಂಪಿನ ಮೂರನೆಯವರನ್ನು ಎದುರಿಸುತ್ತಾರೆ, ಗೆದ್ದವರು ಸೆಮಿಫೈನಲ್‌ಗೆ. ಸೆಮಿಫೈನಲ್ ಎಂದರೆ ಮೊದಲ ನಾಲ್ಕು, ಅಂದರೆ ವಿಶ್ವಕಪ್ ಸೀಟು. ಹಾಗಾಗಿ ಪದಕದ ಆಸೆಯಿಲ್ಲದ ತಂಡಗಳಿಗೆ ನಿಜವಾದ ಫೈನಲ್ ಈ ಪಂದ್ಯವೇ. ಗುಂಪಿನಲ್ಲಿ ಒಂದು ಗೆಲುವು ಸಾಧಿಸಿ ಮೂರನೆಯದಾಗಿ ನಿಂತು, ಆ ಒಂದು ಪಂದ್ಯ ಗೆದ್ದರೆ ಸಾಕು. ಎರಡೂ ಗುಂಪುಗಳಲ್ಲಿ ಕೊನೆಗೆ ನಿಂತವರು ಏಳು-ಎಂಟನೇ ಸ್ಥಾನಕ್ಕೆ ಸೆಣಸುತ್ತಾರೆ. ಸೋತವರು ಬಿ ವಿಭಾಗಕ್ಕೆ ಜಾರುತ್ತಾರೆ, ಅಲ್ಲಿನ ಚಾಂಪಿಯನ್ ಮೇಲೆ ಬರುತ್ತದೆ. ಒಂದೇ ಸಂಜೆಯ ಸೋಲು ಮುಂದಿನ ಪೀಳಿಗೆಯ ಹುಡುಗಿಯರ ಅವಕಾಶ ಕಿತ್ತುಕೊಳ್ಳುತ್ತದೆ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಕೆಳಗಿಳಿಯುವುದು ಒಂದು ತಂಡ, ಅದರ ಬೆಲೆ ತೆರುವುದು ಆ ಪಂದ್ಯ ಆಡದೇ ಇದ್ದ ಇನ್ನೊಂದು. 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಏಷ್ಯಾದ 16ರೊಳಗಿನವರ ಕೂಟದಲ್ಲಿ ಭಾರತ ಬಿ ವಿಭಾಗ ಗೆದ್ದು ಮೇಲೇರಿತು, ಗೆದ್ದ ಹುಡುಗಿಯರಲ್ಲಿ ಹೆಚ್ಚಿನವರು ಮುಂದಿನ ಸಲಕ್ಕೆ ಆ ವಯೋಮಿತಿಯನ್ನೇ ದಾಟಿದ್ದರು.

2025ರ ಜುಲೈನಲ್ಲಿ ವಿಶ್ವಕಪ್ 24 ವರ್ಷಗಳ ಬಳಿಕ ಬ್ರನೊಗೆ ಮರಳಿತು. ಫೈನಲ್‌ನಲ್ಲಿ ಮತ್ತೆ ಆಸ್ಟ್ರೇಲಿಯಾ ಸೋತು, ಅಮೆರಿಕದ ಚಿನ್ನ ಹನ್ನೊಂದಕ್ಕೇರಿತು. 2027ರ ಕೂಟಕ್ಕೆ ಅರ್ಹರು 2008ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು. 2007ರ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗಿಗೆ ಬ್ರನೊ ಸಿಕ್ಕಿದ್ದರೆ ಸಿಕ್ಕಿತು. ಅವಳಿಗೆ ಈ ವಿಶ್ವಕಪ್ ಇನ್ನಿಲ್ಲ.