ಮಗುವಿನ ಭಾವನಿಯಂತ್ರಣ: ಚಿಕಿತ್ಸೆ ಕಲಿಯುವವರಿಗೆ ಟಿಪ್ಪಣಿ

ಉಕ್ಕಿಬರುವ ಭಾವನೆಯನ್ನು ತಾನೇ ಹತೋಟಿಗೆ ತಂದುಕೊಳ್ಳುವ ಶಕ್ತಿ ಮಗುವಿಗೆ ಹುಟ್ಟಿನಿಂದ ಬರುವುದಿಲ್ಲ. ಹಿರಿಯರ ದನಿ, ಸ್ಪರ್ಶ ಮತ್ತು ಮುಖಭಾವಗಳ ಆಸರೆಯಲ್ಲಿ ಅದು ವರ್ಷಗಟ್ಟಲೆ ಬೆಳೆಯುತ್ತದೆ. ಆವೇಗವನ್ನು ತಡೆಯಲು ನೆರವಾಗುವ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗಲು ಸುಮಾರು 25 ವರ್ಷ ಬೇಕು. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ನಡೆಸಿದ ಪ್ರಯೋಗದಲ್ಲಿ, ತಾಯಿ ಕೆಲವೇ ನಿಮಿಷ ನಿರ್ಭಾವದಿಂದ ಕುಳಿತಾಗ, ಕೂಸು ಮೊದಲು ಅವಳನ್ನು ಒಲಿಸಲು ಯತ್ನಿಸಿ, ಸೋತು ಮುಖ ತಿರುಗಿಸಿಕೊಂಡಿತು. ಆದ್ದರಿಂದ ಚಿಕಿತ್ಸಕರ ಸ್ವಂತ ಸಮಾಧಾನವೇ ಮೊದಲ ಉಪಕರಣ.

ಹಟಕ್ಕೂ ಇಂದ್ರಿಯಗಳ ಮೇಲೆ ಹೊರೆ ಹೆಚ್ಚಾಗಿ ಕುಸಿಯುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದೇ ಇಲ್ಲಿ ನಿಜವಾಗಿ ಕಷ್ಟದ ಕೆಲಸ. ಹಟ ಹಿಡಿದ ಮಗು ಸಾಮಾನ್ಯವಾಗಿ ನಮ್ಮ ಕಡೆಗೆ ಕಣ್ಣಿಟ್ಟಿರುತ್ತದೆ, ಬೇಕಾದದ್ದು ಸಿಕ್ಕರೆ ಸುಮ್ಮನಾಗುತ್ತದೆ. ಹೊರೆಯಿಂದ ಕುಸಿದ ಮಗುವಿಗೆ ಏನು ಕೊಟ್ಟರೂ ಅಳು ಕೂಡಲೇ ನಿಲ್ಲದು. ಮಡಿಕೇರಿಯಲ್ಲಿ ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬಿಡದೆ ಬಡಿಯುವಾಗ, ಸದ್ದನ್ನು ಸಹಿಸದ ಮಗು ಕಿವಿ ಮುಚ್ಚಿ ಮೇಜಿನಡಿ ಸೇರಿದರೆ ಅದನ್ನು ಅವಿಧೇಯತೆಯೆಂದು ಬರೆದಿಡುವುದು ತಪ್ಪು. ಅಂಥ ದಿನ ಚಟುವಟಿಕೆಯನ್ನು ಹಗುರಗೊಳಿಸಿ, ಒಳಕೋಣೆಗೆ ಬದಲಿಸಿ, ಮಗು ಇಷ್ಟಪಟ್ಟರೆ ಮಾತ್ರ ಕಂಬಳಿಯ ಬಿಗಿ ಒತ್ತಡವನ್ನೋ, ಭಾರದ ಬುಟ್ಟಿ ತಳ್ಳುವ ಕೆಲಸವನ್ನೋ ಕೊಡಬಹುದು.

ಅಳು ತಾರಕದಲ್ಲಿರುವಾಗ ಉಪದೇಶ ಬೇಡ. ಚಿಕ್ಕ ವಾಕ್ಯ, ತಗ್ಗಿದ ದನಿ, ಮಗುವಿನ ಎತ್ತರಕ್ಕೆ ಕುಳಿತ ಮೈ ಸಾಕು. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಹೃದಯದ ಬಡಿತ ತಗ್ಗುವುದು ನಿಜವಾದರೂ, ಆ ಅಭ್ಯಾಸವನ್ನು ಕಲಿಸಬೇಕಾದದ್ದು ಮಗು ನೆಮ್ಮದಿಯಾಗಿರುವಾಗ, ಪೀಪಿ ಊದುವಂಥ ಆಟದಲ್ಲಿ.

ಭಾವನೆಗೆ ಹೆಸರಿಡುವಾಗ ಮನೆಮಾತನ್ನೇ ಬಳಸಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಯರವ ಭಾಷೆ ಆಡುವ ಮಗುವಿಗೆ ಪುಸ್ತಕದ ಕನ್ನಡದ ‘ಹತಾಶೆ’ ಏನನ್ನೂ ಹೇಳದು. ಹಾಗೆಯೇ, ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಒಂದೇ ಕೋಣೆಯಲ್ಲಿ ಬದುಕುವ ಕುಟುಂಬಕ್ಕೆ, ಮಗು ಸಮಾಧಾನ ಮಾಡಿಕೊಳ್ಳಲೆಂದು ಬೇರೆಯೇ ಒಂದು ‘ಶಾಂತ ಮೂಲೆ’ ಮಾಡಿಕೊಳ್ಳಿ ಎನ್ನುವುದು (ನಮ್ಮ ಕೈಪಿಡಿಗಳ ಮೆಚ್ಚಿನ ಸಲಹೆ) ನಿರುಪಯೋಗಿ. ಮಲಗುವ ಮುನ್ನ ಬೆನ್ನು ಒತ್ತುವ ಕ್ರಮವನ್ನು ಕಲಿಸಿದರೆ ನಡೆಯುತ್ತದೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿಗೆ ತಂದೆತಾಯಿ ಇಬ್ಬರೂ ಹೋಗುವುದರಿಂದ, ಅಜ್ಜಿಗೂ ಅಂಗನವಾಡಿ ಕಾರ್ಯಕರ್ತೆಗೂ ಅದೇ ಕ್ರಮವನ್ನು ಮೊದಲೇ ತೋರಿಸಿಡಬೇಕು.

ದಾಖಲೆಯಲ್ಲಿ ಎಷ್ಟು ಬಾರಿ ಅತ್ತಿತು ಎಂಬುದಕ್ಕಿಂತ, ಸಮಾಧಾನಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು, ಯಾರ ನೆರವು ಎಷ್ಟು ಬೇಕಾಯಿತು ಎಂಬುದನ್ನು ಬರೆಯುವುದು ಹೆಚ್ಚು ಉಪಯುಕ್ತ.