ಮುರಕಲ್ಲಿನ ನೆಲದಲ್ಲಿ ಮಾಲಿನ್ಯ ಹುಡುಕುವ ಬಗೆ

ಮಂಗಳೂರಿನಲ್ಲಿ ಹಿಂದೆ ಗ್ಯಾರೇಜೋ ಪೆಟ್ರೋಲ್ ಬಂಕೋ ಇದ್ದ ಒಂದು ಎಕರೆ ಜಾಗದಲ್ಲಿ ಮನೆಗಳನ್ನು ಕಟ್ಟಬೇಕಾಗಿದೆ ಎಂದುಕೊಳ್ಳೋಣ. ನಾಲ್ಕು ಮೂಲೆಗಳಿಂದ ಒಂದೊಂದು ಹಿಡಿ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯಲ್ಲಿ ದೋಷ ಕಾಣಲಿಲ್ಲವೆಂದು ನೆಲ ಶುದ್ಧವೆಂದು ತೀರ್ಮಾನಿಸುವುದು ಅಪಾಯಕರ.

ಲೆಕ್ಕ ಸರಳವಾಗಿದೆ. ಜಾಗವನ್ನು 20 ಮೀಟರ್ ಚೌಕಗಳಾಗಿ ವಿಂಗಡಿಸಿ, ಗೆರೆಗಳು ಕೂಡುವಲ್ಲೆಲ್ಲ ಮಾದರಿ ತೆಗೆದರೆ ಎಕರೆಗೆ ಸುಮಾರು 10 ಮಾದರಿಗಳಾಗುತ್ತವೆ. ಆದರೂ 10 ಮೀಟರ್ ವ್ಯಾಸದ ಮಲಿನ ಭಾಗವೊಂದು ಅಲ್ಲಿದ್ದರೆ, ಅದು ಸಿಕ್ಕುವ ಸಂಭವ ಶೇಕಡ 20 ಮಾತ್ರ. ಖಚಿತವಾಗಿ ಸಿಗಬೇಕಾದರೆ ಅಂತರವನ್ನು 7 ಮೀಟರಿಗೆ ಇಳಿಸಬೇಕು. ಆಗ ಮಾದರಿಗಳು 80ರ ಆಸುಪಾಸಿಗೆ ಏರುತ್ತವೆ. ಇಷ್ಟು ಖರ್ಚು ಎಲ್ಲರಿಗೂ ಸಾಧ್ಯವಿಲ್ಲದ ಕಾರಣ, ಅಗೆಯುವ ಮೊದಲು ಜಾಗದ ಚರಿತ್ರೆಯನ್ನು ಕೆದಕಬೇಕು. ಟ್ಯಾಂಕ್ ಎಲ್ಲಿ ಹೂತಿತ್ತು, ಬಳಸಿದ ಆಯಿಲ್ ಎಲ್ಲಿ ಚೆಲ್ಲುತ್ತಿದ್ದರು, ಮಳೆನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದನ್ನು ಅಲ್ಲಿ ದುಡಿದ ಹಳಬರು ಹೇಳಬಲ್ಲರು. ಸಂಶಯವಿರುವ ಕಡೆ ಒತ್ತಾಗಿ, ಉಳಿದೆಡೆ ವಿರಳವಾಗಿ ಮಾದರಿ ತೆಗೆಯುವುದು ಆಗ ಸಾಧ್ಯ.

ಕರಾವಳಿಯಲ್ಲಿ ಆಳದ ಪ್ರಶ್ನೆ ಇನ್ನೂ ಕಠಿಣವಾದುದು. ಕೊಯ್ದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೈಯನ್ನು ಹತ್ತಿರದಿಂದ ನೋಡಿದರೆ ಬೆರಳು ತೂರುವಷ್ಟು ದೊಡ್ಡ ತೂತುಗಳು ಒಂದಕ್ಕೊಂದು ಕೂಡಿಕೊಂಡಿರುವುದು ಕಾಣುತ್ತದೆ. ಸೋರಿದ ಎಣ್ಣೆ ಇವುಗಳ ಮೂಲಕ ನೇರವಾಗಿ ಇಳಿಯದೆ ಅಡ್ಡಡ್ಡ ಸಾಗಬಲ್ಲದು. ಕೆಳಗಿರುವ ಶೇಡಿ ಮಣ್ಣು, ಅಂದರೆ ನುಣ್ಣನೆಯ ಜೇಡಿಯಂಥ ಪದರ, ಮುರಕಲ್ಲಿಗಿಂತ ನಿಧಾನವಾಗಿ ನೀರು ಬಿಡುವುದರಿಂದ, ಎರಡೂ ಪದರಗಳು ಸೇರುವ ಜಾಗದಲ್ಲಿ ದ್ರವ ತಂಗಬಹುದು. ಆದ್ದರಿಂದ ಮೇಲಿನ ಒಂದಡಿ ಮಣ್ಣಷ್ಟೇ ಸಾಲದು, ಈ ಗಡಿಯ ಮಾದರಿಯೂ ಬೇಕೇಬೇಕೆಂಬುದು ನನ್ನ ನಿಲುವು.

ಇದರ ಜೊತೆಗೆ ಅಂತರ್ಜಲ ಮಳೆಗಾಲದಲ್ಲಿ ಮೀಟರುಗಟ್ಟಲೆ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ನೀರಿಗಿಂತ ಹಗುರವಾದ ಪೆಟ್ರೋಲ್ ಅದರೊಂದಿಗೇ ಏರಿಳಿದು, ಆ ಇಡೀ ಎತ್ತರಕ್ಕೆ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಪಕ್ಕದ ಬಾವಿಯ ಒಳಗೋಡೆಯಲ್ಲಿ ಉಳಿದಿರುವ ಮಳೆಗಾಲದ ನೀರಿನ ಗುರುತಿನಿಂದ ಮೇ ತಿಂಗಳ ನೀರಿನ ಮಟ್ಟದವರೆಗಿನ ಆಳವನ್ನು ಅಳೆದುಕೊಂಡರೆ, ಯಾವ ಆಳದಿಂದ ಮಾದರಿ ತೆಗೆಯಬೇಕೆಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ.

ಮುರಕಲ್ಲಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಹಜವಾಗಿಯೇ ಹೇರಳ. ಕ್ರೋಮಿಯಂ ಕೂಡ ಇರಬಹುದು. ಇವು ವರದಿಯಲ್ಲಿ ಕಂಡಾಕ್ಷಣ ಕಾರ್ಖಾನೆಯನ್ನು ದೂರುವುದು ನ್ಯಾಯವಲ್ಲ. ಇಳಿಜಾರಿನ ಮೇಲ್ಬದಿಯಲ್ಲಿ ಮಾಲಿನ್ಯ ತಲುಪಿರದ ಜಾಗದಿಂದ, ಅದೇ ಬಗೆಯ ಕಲ್ಲುಮಣ್ಣಿನ ಮಾದರಿ ತೆಗೆದು ಹೋಲಿಸಬೇಕು.

ಹಲವು ಕಡೆಯ ಮಣ್ಣನ್ನು ಬೆರೆಸಿ ಒಂದೇ ಮಾದರಿ ಮಾಡುವುದರಿಂದ ಖರ್ಚು ಉಳಿಯುತ್ತದೆ, ನಿಜ. ಆದರೆ ಒಂದೆಡೆಯ ತೀವ್ರ ಮಾಲಿನ್ಯ ಉಳಿದ ಶುದ್ಧ ಮಣ್ಣಿನಲ್ಲಿ ಕರಗಿಹೋಗುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಮಣ್ಣು ಬೆರೆಸುವಾಗಲೇ ಗಾಳಿಗೆ ಹಾರುವುದರಿಂದ, ಅಂಥ ಸಂಶಯವಿರುವಲ್ಲಿ ಮಣ್ಣನ್ನು ಅಗೆದ ಕೂಡಲೇ ಗಾಜಿನ ಜಾಡಿಗೆ ಖಾಲಿ ಜಾಗ ಬಿಡದೆ ತುಂಬಿ, ಬಿಗಿಯಾಗಿ ಮುಚ್ಚಿ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿ ಪ್ರಯೋಗಾಲಯಕ್ಕೆ ತಲುಪಿಸಬೇಕು.