ಹಾರ್ಟ್‌ಲ್ಯಾಂಡ್ ರಾಕ್‌ನಲ್ಲಿ ಹಾರ್ಟ್ ಅಂದರೆ ಏನು?

ಮೊನ್ನೆ 'ಹಾರ್ಟ್‌ಲ್ಯಾಂಡ್ ರಾಕ್' ಅಂತ ಹೆಸರಿಟ್ಟ ಒಂದು ಪ್ಲೇಲಿಸ್ಟ್ ಕಣ್ಣಿಗೆ ಬಿತ್ತು. ಅದು ಅಮೆರಿಕದ ದುಡಿಯುವ ಜನರ ಬದುಕನ್ನು ಹಾಡುವ ರಾಕ್ ಸಂಗೀತದ ಒಂದು ಬಗೆ. ತೆರೆದರೆ ಒಳಗೆ ಪೂರ್ತಿ ವಿರಹದ ಹಾಡುಗಳು. ಇಂಥದ್ದು ಇದೇ ಮೊದಲಲ್ಲ. ಹಾರ್ಟ್ ಅಂದ ಕೂಡಲೇ ಪ್ರೀತಿಯ ಕಡೆ ಓಡುವುದು ಇನ್ನಾದರೂ ನಿಲ್ಲಬೇಕು.

ಚುನಾವಣೆ ಬಂದಾಗ ಸುದ್ದಿಯಲ್ಲಿ 'ಹಿಂದಿ ಹಾರ್ಟ್‌ಲ್ಯಾಂಡ್' ಅಂತ ಕೇಳುತ್ತೇವೆ. ಅಲ್ಲಿ ಯಾರಿಗೂ ಪ್ರೇಮ ನೆನಪಾಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಹಾರ್ಟ್ ಅಂದರೆ ನಡು, ಒಡಲು. ಭೂಗೋಳ ತಜ್ಞ ಹಾಲ್ಫೋರ್ಡ್ ಮ್ಯಾಕಿಂಡರ್ 1919ರ ತಮ್ಮ ಪುಸ್ತಕದಲ್ಲಿ ಯುರೇಷಿಯಾದ ಒಳಭಾಗವನ್ನು ಹಾರ್ಟ್‌ಲ್ಯಾಂಡ್ ಅಂದರು. ಕಡಲ ಕಡೆಯಿಂದ ಹಡಗುಪಡೆ ತಲುಪಲಾಗದ ನೆಲ ಅದು. ಅಮೆರಿಕದಲ್ಲಿ ಈ ಮಾತು ಎರಡೂ ಕರಾವಳಿಗಳಿಂದ ದೂರ ಇರುವ ಮುಸುಕಿನ ಜೋಳದ, ಕಾರ್ಖಾನೆಗಳ ಸೀಮೆಗೆ ಸಲ್ಲುತ್ತದೆ: ಇಂಡಿಯಾನಾ, ಓಹಾಯೊ, ಅಯೋವಾ. ಕನ್ನಡದಲ್ಲಿ 'ಒಳನಾಡು' ಸಾಕು. 'ಹೃದಯಭೂಮಿ' ಅಂದರೆ ಮತ್ತೆ ಅದೇ ಗೊಂದಲ.

ಹಾಡಿನ ವಿಷಯದಲ್ಲಿ ನಕ್ಷೆ ಅಷ್ಟು ಬಿಗಿಯಾಗಿಲ್ಲ. ಈ ಬಗೆಯ ಗಾಯಕರಲ್ಲಿ ಬಾಬ್ ಸೀಗರ್ ಒಳನಾಡಿನ ಡೆಟ್ರಾಯಿಟ್ ಕಡೆಯವರು, ಸರಿ. ಆದರೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಡಲಂಚಿನ ನ್ಯೂ ಜೆರ್ಸಿಯವರು. ಪಾಳಿ ಮುಗಿಸಿ ಬರುವವರು, ಸಾಲದಲ್ಲಿ ಸಿಕ್ಕವರು, ಊರು ಬಿಡಲೂ ಆಗದೆ ಇರಲೂ ಆಗದೆ ಒದ್ದಾಡುವವರು ಹಾಡಿನೊಳಗೆ ಇದ್ದರೆ ಅದು ಒಳನಾಡಿನ ರಾಕ್.

ಇದನ್ನು ಸುಮ್ನೆ ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು, ಅನ್ನುವವರೂ ಇದ್ದಾರೆ. ಅವರು ಇದೇ ಬಗೆಯ ಗಾಯಕ ಜಾನ್ ಮೆಲೆನ್‌ಕ್ಯಾಂಪ್ ಅವರ 1985ರ 'ಸ್ಕೇರ್‌ಕ್ರೋ' ಆಲ್ಬಮ್ ಕೇಳಬೇಕು. ಸ್ಕೇರ್‌ಕ್ರೋ ಅಂದರೆ ನಮ್ಮ ಬೆದರುಬೊಂಬೆ. ರೆಕಾರ್ಡಿಂಗ್‌ಗೆ ಮುಂಚೆ ಇಡೀ ಬ್ಯಾಂಡ್ 60ರ ದಶಕದ ಸುಮಾರು 100 ರಾಕ್ ಹಾಡುಗಳನ್ನು ಕಲಿತಿತ್ತು. ಬೇರು ಇರುವುದು ಅಲ್ಲಿ. ಪಿಟೀಲು, ಅಕಾರ್ಡಿಯನ್ ಎದ್ದು ಕೇಳುವುದು ಅವರ 1987ರ ಆಲ್ಬಮ್‌ನಲ್ಲಿ.

'ಸ್ಕೇರ್‌ಕ್ರೋ' ಆಲ್ಬಮ್‌ನ ಮೊದಲ ಹಾಡಿನಲ್ಲಿ ಜಮೀನು ಕಳೆದುಕೊಂಡ ರೈತನಿದ್ದಾನೆ. ಬಡ್ಡಿ ಏರಿ, ಜಮೀನಿನ ಬೆಲೆ ಕುಸಿದು, ಹೊಲಗಳು ಹರಾಜಾಗುತ್ತಿದ್ದ ಕಾಲ. ಕೆನ್ನಿ ಅರೋನಾಫ್ ಅವರ ಡ್ರಮ್ ಏಟು ನನಗೆ ಹರಾಜಿನ ಸುತ್ತಿಗೆಯಂತೆಯೇ ಕೇಳುತ್ತದೆ. 1985ರ ಸೆಪ್ಟೆಂಬರ್‌ನಲ್ಲಿ ಗಾಯಕರಾದ ವಿಲ್ಲಿ ನೆಲ್ಸನ್, ನೀಲ್ ಯಂಗ್ ಜೊತೆ ಸೇರಿ ಮೆಲೆನ್‌ಕ್ಯಾಂಪ್ ಇಲಿನಾಯ್‌ನಲ್ಲಿ ರೈತರಿಗಾಗಿ ಮೊದಲ 'ಫಾರ್ಮ್ ಏಡ್' ಸಂಗೀತ ಕಛೇರಿ ನಡೆಸಿದರು.

ಆಲ್ಬಮ್‌ನಲ್ಲಿ ಆ ಮೊದಲ ಹಾಡು ಮುಗಿದ ಕೂಡಲೇ ಮೆಲೆನ್‌ಕ್ಯಾಂಪ್ ಅವರ ಅಜ್ಜಿ ಲಾರಾ ಹಳೇ ಹಾಡೊಂದರ ತುಣುಕು ಹಾಡುತ್ತಾರೆ. ವಯಸ್ಸಾದ ಗಂಟಲು, ಒಂದು ನಿಮಿಷದಷ್ಟೇ. ಆಮೇಲೆ 'ಸ್ಮಾಲ್ ಟೌನ್' ಶುರು. ಶಫಲ್ ಒತ್ತಬೇಡಿ, ಅಜ್ಜಿಯನ್ನು ದಾಟಿಸಬೇಡಿ.